ಲಾಭ, ಎರಡು, ಮೂರು

ಒಂಬತ್ತು ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಒಂಬತ್ತನ್ನೂ ವಾಪಸ್ ಕರೆದುಕೊಂಡು ಬರಬೇಕು. ಆ ದಿನ ನನಗಿದ್ದ ಕೆಲಸ ಅಷ್ಟೇ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಬೆಳಿಗ್ಗೆ ತಟ್ಟೆಗೆ ಹಾಕಿಕೊಂಡ ಉಪ್ಪಿಟ್ಟನ್ನು ಮುಟ್ಟದೆ ಹಾಗೇ ಮುಚ್ಚಿಟ್ಟೆ.

ಕೆ.ಆರ್.ಪುರದ ನಮ್ಮ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರು. ಮೊದಲು ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಮನೆ, ಅಂತಸ್ತಿಗೊಂದು ಸಂಸಾರ. ನಾನು ಹಿರೀ ಸೊಸೆ. ಮೂವರು ಓರಗಿತ್ತಿಯರಿಗೆ ಒಟ್ಟು ಎಂಟು ಮಕ್ಕಳು. ಇಬ್ಬರಿಗೆ ಮೂರು ಮೂರು, ಕೊನೆಯವಳಿಗೆ ಎರಡು. ನನಗೆ ಒಬ್ಬಳೇ ಮಗಳು, ಅವಳೂ ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದವಳು. ಆಗ ಅವಳಿಗೆ ಎಂಟು ತುಂಬಿತ್ತು.

ಇದು ಎರಡು ವರ್ಷದ ಹಿಂದಿನ ಬೇಸಿಗೆ ರಜೆಯ ಮಾತು. ನೆಂಟರ ಮದುವೆಗೆ ಸೀರೆ ತರಲು ಓರಗಿತ್ತಿಯರು ಮೂವರೂ ಚಿಕ್ಕಪೇಟೆಗೆ ಹೊರಟಿದ್ದರು. ಮಕ್ಕಳು ಒಂದು ವಾರದಿಂದ ಕಂಟೋನ್ಮೆಂಟ್ ಕಡೆಯ ದೊಡ್ಡ ಮ್ಯೂಸಿಯಂ ನೋಡಬೇಕು ಎಂದು ಪ್ರಾಣ ತಿನ್ನುತ್ತಿದ್ದವು. ಅಲ್ಲಿ ತಿಮಿಂಗಿಲದ ಮೂಳೆ ಇದೆಯಂತೆ, ಬಸ್ಸಿಗಿಂತ ಉದ್ದವಂತೆ, ಹುಲಿ ಕರಡಿಗಳನ್ನು ಜೀವ ಇದ್ದ ಹಾಗೆಯೇ ನಿಲ್ಲಿಸಿದ್ದಾರಂತೆ. "ಅಕ್ಕಾ, ನೀವ್ ಕರ್ಕೊಂಡ್ ಹೋದ್ರೆ ನಮಗೇನ್ ಯೋಚ್ನೆ ಇಲ್ಲ ಬಿಡಿ" ಎಂದು ಮೂವರೂ ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಯೋಚನೆ ಇಲ್ಲವಂತೆ! ಮೂವರ ಯೋಚನೆಯನ್ನೂ ನನ್ನ ತಲೆಗೆ ಕಟ್ಟಿ ಹೋದ ಮೇಲೆ ಅವರಿಗೆ ಎಲ್ಲಿಂದ ಬರಬೇಕು?

ನಾನು ಮೊದಲಿನಿಂದಲೂ ಪುಕ್ಕಲಿ. ಮರ್ಫಿ ಟೌನಿನ ತವರುಮನೆಯಲ್ಲಿದ್ದಾಗಲೂ ಅಷ್ಟೇ, ಬೀದಿಯಲ್ಲಿ ಆಂಬುಲೆನ್ಸ್ ಸದ್ದು ಕೇಳಿದರೆ ನಮ್ಮವರು ಯಾರ್ಯಾರು ಎಲ್ಲೆಲ್ಲಿದ್ದಾರೆ ಎಂದು ಮನಸ್ಸಿನಲ್ಲೇ ಒಂದು ಸುತ್ತು ಹೋಗಿ ಬರುತ್ತಿದ್ದೆ. "ನಿಂಗೆ ಯೋಚ್ನೆ ಮಾಡಕ್ಕೆ ಏನೂ ಸಿಗ್ಲಿಲ್ಲ ಅಂದ್ರೆ ಅದೇ ಒಂದು ಯೋಚ್ನೆ" ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಒಂಬತ್ತು ಮಕ್ಕಳನ್ನು ಊರೊಳಕ್ಕೆ ಕರೆದುಕೊಂಡು ಹೋಗುವ ದಿನ ಅವರು ಮಾತ್ರ ಡ್ಯೂಟಿಯಲ್ಲಿದ್ದರು.

ಹೊರಡುವ ಮೊದಲು ಬಾಲ್‌ಪೆನ್ ಹಿಡಿದು ಕೂತು, ಒಂದೊಂದೇ ಮಗುವಿನ ಮುಂಗೈ ಮೇಲೆ ನನ್ನ ಫೋನ್ ನಂಬರ್ ಬರೆದೆ. ಹತ್ತು ವರ್ಷದ ಅವಳಿ ಹುಡುಗರಿಬ್ಬರು "ದೊಡ್ಡಮ್ಮ, ನಾವೇನ್ ಕುರೀನಾ ಮುದ್ರೆ ಹೊಡೆಯಕ್ಕೆ?" ಎಂದು ಕೈ ಎಳೆದುಕೊಂಡರು. ಬಿಡಲಿಲ್ಲ, ಬರೆದೆ. ನನ್ನ ಮಗಳ ಕೈ ಮೇಲೆ ಮಾತ್ರ ಬರೆಯಲಿಲ್ಲ. ಅವಳಿಗೆ ನಂಬರ್ ಬಾಯಿಪಾಠ ಇತ್ತು. ಅಷ್ಟೇ ಅಲ್ಲ, ಅವಳು ಹೇಳಿದ್ದು ಕೇಳುವ ಮಗು, ಅವಳ ಬಗ್ಗೆ ನನಗೆ ಭಯವೇ ಇರಲಿಲ್ಲ. ಬಟ್ಟೆಯನ್ನೂ ತಾನೇ ಹಾಕಿಕೊಂಡು, ಜಡೆಯನ್ನು ಅಜ್ಜಿಯ ಹತ್ತಿರ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಎಲ್ಲರನ್ನೂ ಕೂರಿಸಿ ಪಾಠ ಹೇಳಿದೆ. ಕೈ ಬಿಡಬೇಡಿ. ಯಾರು ಏನು ಕೊಟ್ಟರೂ ತಿನ್ನಬೇಡಿ. ತಪ್ಪಿಸಿಕೊಂಡರೆ ಹುಡುಕಿಕೊಂಡು ಓಡಾಡಬೇಡಿ, ಇದ್ದ ಜಾಗದಿಂದ ಅಲ್ಲಾಡಬೇಡಿ, ನಾನೇ ಬರುತ್ತೇನೆ. ನನ್ನ ಮಗಳು ಒಬ್ಬಳೇ "ಆಯ್ತಮ್ಮ" ಅಂದಳು.

ಆಮೇಲೆ ನಮ್ಮತ್ತೆ ಎಣಿಸಿದರು. ಮನೆಯಿಂದ ಮಕ್ಕಳ ಗುಂಪು ಎಲ್ಲಿಗೆ ಹೊರಟರೂ ಎಣಿಸುವುದು ಅತ್ತೆಯ ಕೆಲಸ. ಅವರು ಎಣಿಸುವುದು ರಾಗಿ ಅಳೆಯುವ ಹಾಗೆ. ಹೊಸಕೋಟೆ ಕಡೆ ಉಳಿದಿರುವ ತುಂಡು ಜಮೀನಿನಿಂದ ಈಗಲೂ ವರ್ಷಕ್ಕೆ ಒಂದಷ್ಟು ರಾಗಿ ಬರುತ್ತದೆ. ಡ್ರಮ್ಮಿನಿಂದ ಸೇರಿನಲ್ಲಿ ಅಳೆದು ಹಾಕುವಾಗ ಮೊದಲನೆಯ ಸೇರಿಗೆ ಅವರು ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಮಕ್ಕಳನ್ನು ಎಣಿಸುವಾಗಲೂ ಹಾಗೇ. ಎದೆಯ ಮೇಲೆ ಕೈಯಿಟ್ಟುಕೊಂಡು "ಲಾಭ" ಅನ್ನುತ್ತಾರೆ, ಆಮೇಲೆ ಒಂದೊಂದೇ ತಲೆ ಮುಟ್ಟಿ ಎರಡು, ಮೂರು. ಮಕ್ಕಳನ್ನೂ ದನಗಳನ್ನೂ ಒಂದು ಅಂತ ಶುರು ಮಾಡಿ ಎಣಿಸಿದರೆ ಒಂದೇ ಉಳಿಯುತ್ತದೆ ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರಂತೆ. ಮರ್ಫಿ ಟೌನಿನಲ್ಲಿ ರೇಷನ್ ಅಂಗಡಿಯ ಅಕ್ಕಿ ತಿಂದು ಬೆಳೆದ ನನಗೆ ಇದೆಲ್ಲ ಮೊದಮೊದಲು ತಮಾಷೆ. ಎದೆಗೆ ಕೈಯಿಟ್ಟು ಹೇಳುವುದು ನೋಡಿ, ಅದು ದೇವರ ಪಾಲು ಅಂದುಕೊಂಡಿದ್ದೆ. ಕೇಳಲು ಹೋಗಲಿಲ್ಲ. ಹದಿನೈದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅತ್ತೆ ಎಲ್ಲ ಮಕ್ಕಳ ತಲೆ ಮುಟ್ಟುತ್ತಾರೆ, ನನ್ನ ಮಗಳನ್ನು ಮುಂದೆ ನಿಲ್ಲಿಸಿಕೊಂಡಿದ್ದರೂ ಅವಳ ತಲೆ ಮುಟ್ಟುವುದಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ತಡವಾಗಿ ಹುಟ್ಟಿದ್ದು, ಅದೂ ಒಂದೇ ಒಂದು, ಅದೂ ಹೆಣ್ಣು ಅಂತ ತಾತ್ಸಾರ ಎಂದು ಹೊಟ್ಟೆಯಲ್ಲಿ ಒಂದು ಉರಿ ಇಟ್ಟುಕೊಂಡಿದ್ದೆ. ಇವಳನ್ನು ಕಣ್ಣಲ್ಲೇ ಎಲ್ಲೋ ನಡುವೆ ಸೇರಿಸಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಅವತ್ತೂ ಮುಟ್ಟಲಿಲ್ಲ. "ಒಂಬತ್ತು. ನಡೀರಿ" ಎಂದು ಬುತ್ತಿ ಚೀಲ ಹಿಡಿದು ಅತ್ತೆಯೂ ನಮ್ಮ ಜೊತೆ ಹೊರಟರು.

ಮೆಟ್ರೋದಲ್ಲಿ ನನ್ನ ಪಾಡು ಯಾರಿಗೂ ಬೇಡ. ಪ್ಲಾಟ್‌ಫಾರಂ ಮತ್ತು ರೈಲಿನ ನಡುವಿನ ಸಂದಿಯಲ್ಲಿ ಯಾರ ಕಾಲು ಸಿಕ್ಕಿಕೊಳ್ಳುತ್ತದೋ, ಬಾಗಿಲಲ್ಲಿ ಯಾರ ಬೆರಳು. ಬೈಯಪ್ಪನಹಳ್ಳಿ, ಇಂದಿರಾನಗರ, ಒಂದೊಂದು ಸ್ಟೇಷನ್ ಬಂದಾಗಲೂ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತೆ. ಇಳಿಯಬೇಕಾದವರು ನನ್ನನ್ನು ಬೈದುಕೊಂಡೇ ಇಳಿದರು. ಬೈಯಲಿ. ಹಲಸೂರಿನಲ್ಲಿ ಇಳಿದ ಮೇಲೆ ಬ್ಯಾಗಿನಿಂದ ಹಳೇ ದುಪಟ್ಟಾ ತೆಗೆದು, ಎಲ್ಲರೂ ಅದನ್ನು ಹಿಡಿದುಕೊಂಡೇ ನಡೆಯಬೇಕು ಅಂದೆ. ಅವಳಿಗಳು ನಾಚಿಕೆಯಾಗಿ ಮುಖ ಮುಚ್ಚಿಕೊಂಡರು. ಕೊನೆಯವಳ ಚಿಕ್ಕ ಮಗಳು, ನಾಲ್ಕು ವರ್ಷದ ಪುಟ್ಟಿ, ನನ್ನ ಎಡಗೈ ಹಿಡಿದವಳು ಬಿಡಲೇ ಇಲ್ಲ. ನನ್ನ ಮಗಳು ದುಪಟ್ಟಾದ ತುದಿ ಹಿಡಿದು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು.

ಮ್ಯೂಸಿಯಂ ಗೇಟಿನಲ್ಲಿ ಅತ್ತೆ ಮತ್ತೆ ಎಣಿಸಿದರು. ಒಂಬತ್ತು. ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು.

ಒಳಗೆ ಕಾಲಿಟ್ಟರೆ ದೊಡ್ಡ ಹಾಲ್. ಅದರ ಸೂರಿನಿಂದ ತಂತಿ ಕಟ್ಟಿ ತಿಮಿಂಗಿಲದ ಅಸ್ಥಿಪಂಜರವನ್ನು ಇಳಿಬಿಟ್ಟಿದ್ದರು. ನನಗೆ ಮೊದಲು ಕಂಡದ್ದು ತಂತಿಗಳೇ. ಅಷ್ಟು ಭಾರಕ್ಕೆ ಇಷ್ಟು ಸಣ್ಣ ತಂತಿ ತಡೆಯುತ್ತದೆಯೇ ಎಂದು ಮಕ್ಕಳನ್ನೆಲ್ಲ ಗೋಡೆಯ ಕಡೆಗೆ ದಬ್ಬಿದೆ. ಹಾಲಿನ ಸುತ್ತ ಮೊದಲ ಮಹಡಿಯಲ್ಲಿ ಕಟಕಟೆ ಹಾಕಿದ ಗ್ಯಾಲರಿ, ಅಲ್ಲಿ ನಿಂತರೆ ತಿಮಿಂಗಿಲವೂ ಕೆಳಗಿನ ಜನವೂ ಪೂರ್ತಿ ಕಾಣಿಸುತ್ತಿದ್ದವು.

"ಯಪ್ಪಾ, ಏನ್ ಮೂಳೆ ಇದು!" ಎಂದರು ಅತ್ತೆ. ಆಮೇಲೆ ಗಾಜಿನ ಪೆಟ್ಟಿಗೆಗಳ ಹತ್ತಿರ ಹೋದರು. ಹುಲಿ, ಕರಡಿ ಯಾವುದನ್ನೂ ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನರಿಯ ಮುಂದೆ ಮಾತ್ರ ನಿಂತುಬಿಟ್ಟರು. "ಇದು ನಮ್ಮೊಲದ ನರಿ ಕಣಮ್ಮ. ಈಗ ಆ ಅಪಾರ್ಟ್‌ಮೆಂಟ್‌ನೋರು ಈಜಾಡ್ತಾರಲ್ಲ, ಅಲ್ಲೇ ಊಳಿಡ್ತಿತ್ತು. ಸತ್ತೋದ ಮ್ಯಾಲೆ ಇದ್ಕೂ ಟಿಕೆಟ್ಟಾ?" ಮಕ್ಕಳು ನಕ್ಕವು. ನನಗೂ ನಗು ಬಂತು, ಬೆಳಗಿನಿಂದ ಮೊದಲನೆಯ ಸಲ.

ಮಹಡಿ ಮೆಟ್ಟಿಲು ನೋಡಿ ಅತ್ತೆ ಮಂಡಿ ಹಿಡಿದುಕೊಂಡರು. ನಾನು ಹೊರಗೆ ಮರದ ಕೆಳಗೆ ಬುತ್ತಿ ಇಟ್ಟುಕೊಂಡು ಕೂತಿರುತ್ತೇನೆ, ನೀವೆಲ್ಲ ನೋಡಿಕೊಂಡು ಊಟಕ್ಕೆ ಬನ್ನಿ ಅಂದರು. ಹೋಗುತ್ತಾ ತಿರುಗಿ, "ಎಣ್ಸೋದ್ ಮಾತ್ರ ಮರೀಬ್ಯಾಡ. ಎಂಗೆ ಅಂತ ಗೊತ್ತಲ್ಲ?" ಎಂದರು.

"ಗೊತ್ತು ಅತ್ತೆ" ಎಂದೆ.

ಮೊದಲ ಮಹಡಿ ಪೂರ್ತಿ ಹಕ್ಕಿಗಳು. ಅಲ್ಲಿಗೆ ಹೋದ ಮೇಲೆ ನನಗೆ ಒಂದು ಹಕ್ಕಿಯನ್ನೂ ನೋಡಿದ ನೆನಪಿಲ್ಲ. ಅವಳಿಗಳು ಗಾಜು ತಟ್ಟಿದರು, ಕಾವಲಿನವರು ಗದರಿದರು, ನಾನು ಕ್ಷಮೆ ಕೇಳಿದೆ. ಪುಟ್ಟಿಗೆ ಗೂಬೆಯ ಕಣ್ಣು ನೋಡಿ ಅಳು ಬಂತು. ಇನ್ನೊಬ್ಬಳಿಗೆ ಬಾಯಾರಿಕೆ, ಇನ್ನೊಬ್ಬನ ಶೂ ಲೇಸ್ ಬಿಚ್ಚಿತ್ತು. ಶಾಲೆಯ ಮಕ್ಕಳ ಒಂದು ದಂಡು ಬೇರೆ ಅದೇ ಹೊತ್ತಿಗೆ ನುಗ್ಗಿತು. ಆ ಗದ್ದಲದಲ್ಲಿ ನಮ್ಮವರು ಯಾರು, ಅವರು ಯಾರು ಎಂದು ತಿಳಿಯದಾಯಿತು. ನನ್ನ ಮಗಳು ಗೂಡುಗಳ ಪೆಟ್ಟಿಗೆಯ ಮುಂದಿದ್ದಳು. ಅವಳು ಎಲ್ಲಿಗೆ ಹೋದರೂ ಹಾಗೇ, ಬರೆದಿದ್ದನ್ನೆಲ್ಲ ಓದಬೇಕು. "ಬೇಗ ಬಾ" ಎಂದು ಕೂಗಿ, ಉಳಿದವರನ್ನು ಗುಡಿಸಿಕೊಂಡು ಮೆಟ್ಟಿಲು ಇಳಿದೆ. ಅವಳು ಬರುತ್ತಾಳೆ, ಹೇಳಿದ ಮಾತು ಕೇಳುತ್ತಾಳೆ ಎಂದುಕೊಂಡೆ. ತಿರುಗಿ ನೋಡಲಿಲ್ಲ.

ತಿಮಿಂಗಿಲದ ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಎದೆಯ ಮೇಲೆ ಕೈಯಿಟ್ಟು ಭಕ್ತಿಯಿಂದಲೇ "ಲಾಭ" ಅಂದೆ. ಆಮೇಲೆ ಮೊದಲನೆಯ ಮಗುವಿನ ತಲೆ ಮುಟ್ಟಿ "ಎರಡು" ಅಂದೆ. ಮೂರು, ನಾಲ್ಕು, ಐದು. ಕೊನೆಗೆ ಪುಟ್ಟಿಯ ತಲೆ, ಒಂಬತ್ತು. ಸರಿಯಾಗಿ ಒಂಬತ್ತು! ಎಂಥ ನೆಮ್ಮದಿ ಅದು. ಹೆಗಲು ತಾನಾಗಿಯೇ ಕೆಳಗಿಳಿಯಿತು. ಅತ್ತೆಯ ಕೆಲಸವನ್ನು ಅತ್ತೆಯಷ್ಟೇ ಚೆನ್ನಾಗಿ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದೆ.

"ದೊಡ್ಡಮ್ಮ, ಅಕ್ಕ ಎಲ್ಲಿ?" ಎಂದಳು ಪುಟ್ಟಿ.

"ಯಾವ ಅಕ್ಕ? ಎಲ್ಲಾ ಇದಾರೆ. ಈಗ ತಾನೇ ಎಣಿಸ್ಲಿಲ್ವಾ? ಸುಮ್ನೆ ನಡಿ."

ಅವಳಿಗೆ ಅಕ್ಕಂದಿರು ನಾಲ್ವರು. ಯಾರೋ ಒಬ್ಬಳು ಸಾಲಿನ ಆ ತುದಿಯಲ್ಲಿದ್ದಾಳೆ ಅಂದುಕೊಂಡೆ.

ಹಿಂದಿನ ಕಟ್ಟಡದಲ್ಲಿ ಕಲ್ಲುಗಳ ಕೋಣೆ. ಕಲ್ಲಾದ ಎಲೆ, ಕಲ್ಲಾದ ಶಂಖ, ಕಲ್ಲಾದ ಮೀನು. ಕೋಣೆ ಕತ್ತಲಾಗಿತ್ತು, ನನಗೆ ಕತ್ತಲೆಂದರೆ ಮೊದಲೇ ಆಗುವುದಿಲ್ಲ. ಅಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರ್. ದಿನಕ್ಕೆ ನಾಲ್ಕು ಸಲ ಬರುತ್ತದಲ್ಲ, "ಮೇಡಂ, ಹೊಸಕೋಟೆ ಹತ್ರ ಸೈಟ್ ಇದೆ" ಅನ್ನುವವರು, ಅವರೇ ಇರಬೇಕು ಎಂದು ಕಟ್ ಮಾಡಿದೆ. ಮತ್ತೆ ಬಂತು. "ಏನ್ ಜನವಪ್ಪ, ಒಂದ್ ಗಳಿಗೆ ಬಿಡಲ್ಲ" ಎಂದು ಬೈದು ಮತ್ತೆ ಕಟ್ ಮಾಡಿದೆ. ಮೂರನೆಯ ಸಲ ಬಂದಾಗ ಫೋನನ್ನೇ ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿದೆ. ಕೋಣೆಯಿಂದ ಹೊರಗೆ ಬರುವಾಗ ಬಾಗಿಲಲ್ಲಿ ಮತ್ತೊಮ್ಮೆ ಎಣಿಸಿದೆ. ಲಾಭ, ಎರಡು, ಮೂರು. ಮತ್ತೆ ಒಂಬತ್ತೇ.

ಹೊರಗೆ ಮರದ ಕೆಳಗೆ ಅತ್ತೆ ಪೇಪರ್ ತಟ್ಟೆ ಹಾಕಿ ಪುಳಿಯೋಗರೆ ಬಡಿಸಿದರು. ನಾನು ಚಪ್ಪಲಿ ಬಿಚ್ಚಿ ಕಾಲು ಚಾಚಿ ಕೂತೆ. ಅರ್ಧ ದಿನ ಮುಗಿಯಿತು, ಇನ್ನು ಮೆಟ್ರೋ ಒಂದು ದಾಟಿದರೆ ಆಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ಮಕ್ಕಳಿಗೆಂದು ಒಂಬತ್ತು ರವೆ ಉಂಡೆ ಕಟ್ಟಿ ತಂದಿದ್ದರು. ಒಬ್ಬೊಬ್ಬರ ಕೈಗೂ ಒಂದೊಂದು ಕೊಡುತ್ತಾ ಬಂದರು. ಡಬ್ಬಿಯ ತಳದಲ್ಲಿ ಒಂದು ಉಳಿಯಿತು.

"ಯಾರಿಗಮ್ಮ ಬಂದಿಲ್ಲ?" ಎಂದರು. ಎಲ್ಲರಿಗೂ ಬಂದಿತ್ತು. ಅತ್ತೆ ಎದೆಯ ಮೇಲೆ ಕೈಯಿಟ್ಟು ಎಣಿಸಿದರು. "ಎಂಟೇ ಅವೆ ಕಣಮ್ಮ."

"ಇಲ್ಲ ಅತ್ತೆ, ಒಂಬತ್ತು. ಎರಡು ಸಲ ಎಣ್ಸಿದೀನಿ."

"ಎಂಟು."

ನನಗೆ ಸಿಟ್ಟು ಬಂತು. ವಯಸ್ಸಾಯಿತು, ಲೆಕ್ಕ ತಪ್ಪುತ್ತಾರೆ ಎಂದುಕೊಂಡೆ. ಎದ್ದು ನಿಂತು ನಾನೇ ಎಣಿಸಿ ತೋರಿಸಿದೆ. ಲಾಭ, ಎರಡು, ಮೂರು. "ನೋಡಿ, ಒಂಬತ್ತು!" ಅತ್ತೆ ನನ್ನ ಮುಖವನ್ನೇ ನೋಡಿದರು. "ಲೆಕ್ಕ ಆಮೇಲಾಗ್ಲಿ. ಒಂದೊಂದ್ ಮನೇದೂ ನೋಡು ಮೊದ್ಲು" ಎಂದರು.

ನೋಡಿದೆ. ಎರಡನೆಯವಳ ಮಕ್ಕಳು ಅವಳಿಗಳು ಮತ್ತು ಅವರ ತಂಗಿ, ಮೂವರೂ ಇದ್ದರು. ಮೂರನೆಯವಳ ಮೂವರೂ ಇದ್ದರು. ಪುಟ್ಟಿ, ಪುಟ್ಟಿಯ ಅಣ್ಣ, ಇಬ್ಬರೂ ಇದ್ದರು. ನಾನು ಉಸಿರು ಬಿಟ್ಟೆ. "ಎಲ್ಲಾರೂ ಇದಾರೆ ಅತ್ತೆ. ದೇವ್ರು ದೊಡ್ಡೋನು, ಯಾರ್ ಮಗೂನೂ ತಪ್ಪಿಸ್ಕೊಂಡಿಲ್ಲ" ಎಂದೆ. ನನ್ನ ಬಾಯಿಂದಲೇ ಅಂದೆ ಅದನ್ನು.

"ನಿನ್ ಮಗ್ಳು ಎಲ್ಲಮ್ಮ?" ಎಂದರು ಅತ್ತೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ನನ್ನದು ಅದಕ್ಕಿಂತ ಕಡೆ. ಕಂಕುಳು ಖಾಲಿಯಾಗಿದ್ದರೂ ಕೂಸು ಅಲ್ಲೇ ಇದೆ ಎಂದು ಊರಿನ ಮಕ್ಕಳನ್ನು ಎಣಿಸುತ್ತಿದ್ದೆ. ಚಪ್ಪಲಿ ಮೆಟ್ಟಲಿಲ್ಲ, ಬಿಸಿಲಿಗೆ ಕಾದ ಕಲ್ಲುಚಪ್ಪಡಿಯ ಮೇಲೆ ಬರಿಗಾಲಲ್ಲಿ ಓಡಿದೆ. ಮೊದಲು ಗೇಟಿನ ಕಡೆಗೆ ಓಡಿದೆ. ಗೇಟಿನಾಚೆ ರಸ್ತೆ, ಆಟೋಗಳು, ಯಾರ್ಯಾರೋ ಗಂಡಸರು. ಬೆಳಗಿನಿಂದ ಎಂಟು ಮಕ್ಕಳಿಗಾಗಿ ಊಹಿಸಿಕೊಂಡಿದ್ದ ಅನಾಹುತಗಳೆಲ್ಲ ಒಟ್ಟಿಗೆ ಬಂದು ಒಬ್ಬಳ ಮೇಲೆ ಬಿದ್ದವು. ಅಲ್ಲಿಂದ ತಿರುಗಿ ಬಾಗಿಲಿಗೆ ಓಡಿದೆ.

"ಟಿಕೆಟ್ ಮೇಡಂ" ಎಂದ ಬಾಗಿಲಲ್ಲಿ ನಿಂತಿದ್ದ ಗಾರ್ಡ್.

"ನನ್ ಮಗಳು ಕಾಣಿಸ್ತಿಲ್ಲ ರೀ! ಒಳಗಿದಾಳೋ ಇಲ್ವೋ ಗೊತ್ತಿಲ್ಲ!"

"ಗಾಬರಿ ಆಗ್ಬೇಡಿಮ್ಮ. ಎಷ್ಟು ವಯಸ್ಸು? ಏನ್ ಡ್ರೆಸ್ ಹಾಕಿದಾಳೆ?"

ಎಂಟು ವರ್ಷ ಎಂದೆ. ಅವಳಿಗಳದು ಹಳದಿ ಟೀ ಶರ್ಟು, ಪುಟ್ಟಿಯದು ಕೆಂಪು ಚುಕ್ಕೆಯ ಫ್ರಾಕು, ಎಂಟು ಜನರದೂ ಕಣ್ಣ ಮುಂದೆ ಇತ್ತು. ನನ್ನ ಮಗಳು ಏನು ಹಾಕಿಕೊಂಡಿದ್ದಳು? ತಾನೇ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ನಾನು ನೋಡಿರಲಿಲ್ಲ. "ಎರಡು ಜಡೆ" ಎಂದೆ. ಅದೂ ಖಾತ್ರಿ ಇರಲಿಲ್ಲ. ಅತ್ತೆ ಹಾಕುವುದು ಎರಡು ಜಡೆ ಎಂದು ಹೇಳಿದೆ ಅಷ್ಟೇ. ಆ ಗಾರ್ಡ್ ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಒಳಗಿನ ಮೆಟ್ಟಿಲ ಮೇಲಿಂದ ಒಬ್ಬರು ಕರೆದರು. ಹಕ್ಕಿಗಳ ಮಹಡಿ ನೋಡಿಕೊಳ್ಳುವ ಹೆಂಗಸು, ತಲೆ ತುಂಬ ದುಪಟ್ಟಾ ಹೊದ್ದಿದ್ದರು, ಕೈಯಲ್ಲಿ ಫೋನ್ ಇತ್ತು. "ಅಮ್ಮಾ, ಎರಡು ಜಡೆ ಬೇಟಿನಾ? ಇಲ್ಲೇ ಐತೆ ಬನ್ನಿ. ನಂಬರ್ ಕೊಟ್ಟಳು, ಮೂರು ಸಲ ಫೋನ್ ಹಾಕಿದೆ, ನೀವು ಕಟ್ ಮಾಡಿದ್ರಿ. ಬಾ ಬೇಟಾ, ಕೆಳಗೆ ಬಿಡ್ತೀನಿ ಅಂದ್ರೆ ಬರಲ್ಲ. ಅಮ್ಮ ಅಲ್ಲಾಡ್ಬೇಡ ಅಂದಿದಾರೆ ಅಂತಾಳೆ. ಈ ಫ್ಲೋರಿಗೆ ನಾನೊಬ್ಬಳೇ, ಇವಳನ್ನ ಬಿಟ್ಟು ಎಲ್ಲಿ ಹೋಗ್ಲಿ?"

ಸೈಟು ಮಾರುವವರು ಎಂದು ನಾನು ಬೈದದ್ದು ಆ ತಾಯಿಯನ್ನು.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ನನ್ನ ಮಗಳು ತಿಮಿಂಗಿಲದ ತಲೆಯ ನೇರಕ್ಕೆ, ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ನೀಲಿ ಫ್ರಾಕು ಹಾಕಿಕೊಂಡಿದ್ದಳು. ಎರಡು ಜಡೆ. ಅತ್ತಿರಲಿಲ್ಲ. ಕಾ‌ಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ನಾನು ಬಾಚಿ ತಬ್ಬಿಕೊಂಡರೆ ಅವಳು ಮರದ ಹಾಗೆ ಬಿಗಿಯಾಗಿಯೇ ಇದ್ದಳು.

"ಈಗ ಅಲ್ಲಾಡ್ಲಾ ಅಮ್ಮ? ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗ್ಬೇಕು" ಎಂದಳು.

ಎತ್ತಿಕೊಂಡೇ ಓಡಿದೆ. ಎಂಟು ವರ್ಷದ ಮಗುವನ್ನು ಎತ್ತಿಕೊಂಡು ಎಷ್ಟು ದಿನವಾಗಿತ್ತೋ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಗೋಡೆಗೆ ಒರಗಿ ನಿಂತು, ಈಗ ಬಯ್ಯಲೋ ಅಳಲೋ ತಿಳಿಯದೆ, ಬಯ್ಯುವುದನ್ನೇ ಶುರು ಮಾಡಿದೆ. "ಬೇಗ ಬಾ ಅಂದಿರ್ಲಿಲ್ವಾ ನಾನು? ಅದೇನು ಓದೋದು ಅಷ್ಟು ಹೊತ್ತು? ನಾವು ಕೆಳಗೇ ಇದ್ವಲ್ಲ, ಕಾಣಿಸ್ತಿತ್ತಲ್ಲ ಅಲ್ಲಿಂದ, ಅಮ್ಮಾ ಅಂತ ಒಂದ್ ಕೂಗು ಹಾಕಕ್ಕೆ ಏನಾಗಿತ್ತು?"

ಬಾಗಿಲ ಆಚೆಯಿಂದ ಅವಳ ದನಿ ಬಂತು.

"ನೀನು ಎಣಿಸ್ತಾ ಇದ್ದೆ. ಎಂಟು ಬರತ್ತೆ, ಆಗ ಮೇಲೆ ನೋಡ್ತೀಯ ಅಂತ ಕೈ ಎತ್ಕೊಂಡ್ ನಿಂತಿದ್ದೆ. ನೀನು ಒಂಬತ್ತು ಅಂದೆ. ನಕ್ಕೆ. ಆಮೇಲೆ ಹೊರಟೋದೆ."

ನಾನು ಬಾಗಿಲಿಗೆ ಕೈ ಒತ್ತಿಕೊಂಡು ನಿಂತೆ.

"ನಾನಿಲ್ದೇನೇ ಒಂಬತ್ತು ಆಯ್ತಲ್ಲ ಅಮ್ಮ?" ಎಂದಳು.

ಲೆಕ್ಕ ತಪ್ಪಿತು ಕಂದಾ ಎಂದೆ. ಅಮ್ಮನಿಗೆ ಬುದ್ಧಿ ಇಲ್ಲ ಎಂದೆ. ಅಳುತ್ತಾ ಅಂದದ್ದು ಅವಳಿಗೆ ಎಷ್ಟು ಕೇಳಿಸಿತೋ. ಒಳಗೆ ನೀರು ಬಿಡುವ ಸದ್ದಾಯಿತು. ಹೊರಗೆ ಬಂದವಳು ಕೈ ತೊಳೆದು, ಫ್ರಾಕಿಗೆ ಒರೆಸಿಕೊಂಡು, "ಹೋಗೋಣ, ಎಲ್ಲಾ ಕಾಯ್ತಿರ್ತಾರೆ" ಎಂದಳು. ಮಹಡಿಯ ಆ ಹೆಂಗಸಿಗೆ ನಾನು ಕೈ ಮುಗಿದೆ. ಅವರು ನನ್ನ ಕೈ ಬಿಡಿಸಿ, ಮಗಳ ಕೆನ್ನೆ ಮುಟ್ಟಿ ಕಳಿಸಿಕೊಟ್ಟರು.

ಅತ್ತೆ ಎಂಟು ಮಕ್ಕಳನ್ನೂ ತಮ್ಮ ಸೀರೆಯ ಸುತ್ತ ಕೂರಿಸಿಕೊಂಡು, ಉಳಿದ ಒಂದು ರವೆ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು. ಮೊಮ್ಮಗಳು ಬಂದದ್ದು ಕಂಡು ಉಂಡೆ ಕೊಟ್ಟರು. ಪುಡಿಯಾಗಿತ್ತು. ಅವಳು ತಿನ್ನುತ್ತಿರುವಾಗ ನನ್ನ ಕಡೆ ತಿರುಗಿ, ನೀನು ಎಣಿಸಿದ್ದು ಹೇಗೆ, ಇನ್ನೊಂದು ಸಲ ಮಾಡಿ ತೋರಿಸು ಅಂದರು. ತೋರಿಸಿದೆ. ಎದೆಗೆ ಕೈ, ಲಾಭ, ದೇವರಿಗೆ. ಆಮೇಲೆ ಮೊದಲನೆಯ ತಲೆಗೆ ಎರಡು.

"ದೇವ್ರಿಗಾ?" ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ಕರ್ಮವೇ! ಮೊದಲ್ನೇ ಸೇರಿಗೆ ಲಾಭ ಅಂತ ಹೆಸರು ಕಣಮ್ಮ. ಅದೂ ರಾಗೀನೇ. ದೇವ್ರಿಗೆ ಅಂತ ಗಾಳಿ ಅಳೀತೀನಾ ನಾನು? ಮೊದಲ್ನೇ ಮಗೂನ ನೋಡ್ಕಂಡೇ ಲಾಭ ಅನ್ನೋದು. ಮೊದಲ್ನೇದನ್ನ ಮುಟ್ಟಿ ಎಣಿಸಿದ್ರೆ ದೃಷ್ಟಿ ಆಯ್ತದೆ ಅಂತ ಕೈ ಎದೆ ಮ್ಯಾಲೆ ಮಡೀಕತೀನಿ, ಅಷ್ಟೇಯ." ಆಮೇಲೆ ದನಿ ತಗ್ಗಿಸಿದರು. "ಮೊದಲ್ನೇದು ಯಾವಾಗ್ಲೂ ಇವ್ಳೇ. ಹಿರೀ ಮಗನ ಮಗು. ಏಳು ವರ್ಷ ಕಾದು ಬಂದಿರೋ ಮಗೂನ ಮುಂದೆ ನಿಲ್ಲಿಸ್ಕಳ್ದೆ ಎಣಿಸ್ತೀನಾ?"

ಎಂಟು ವರ್ಷ ನಾನು ಹೊಟ್ಟೆಯಲ್ಲಿ ಉರಿ ಸಾಕಿಕೊಂಡಿದ್ದು ಇದಕ್ಕಾ? ಅತ್ತೆ ಅವಳನ್ನು ಮುಟ್ಟದೆ ಪ್ರತಿ ಸಲವೂ ಎಣಿಸಿದ್ದರು. ನಾನು ಹೊತ್ತು ಹೆತ್ತು ಸಾಕಿ, ಒಂದೇ ದಿನ ನನ್ನ ಕೈಗೆ ಲೆಕ್ಕ ಬಂದಾಗ ಅವಳನ್ನೇ ಬಿಟ್ಟೆ. ಅತ್ತೆ ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಊಟ ಮಾಡು, ಬೆಳಿಗ್ಗಿಂದ ಏನೂ ತಿಂದಿಲ್ಲ" ಎಂದು ತಟ್ಟೆ ಮುಂದೆ ತಳ್ಳಿದರು.

ವಾಪಸ್ ಬರುವಾಗ ಮಗಳ ಕೈಯನ್ನು ಹಲಸೂರು ಸ್ಟೇಷನ್ ತನಕ ಬಿಡಲಿಲ್ಲ. ಅವಳ ಅಂಗೈ ಬೆವೆತು ಜಾರುತ್ತಿತ್ತು, ಮತ್ತೆ ಮತ್ತೆ ಹಿಡಿದೆ. ಪ್ಲಾಟ್‌ಫಾರಂನಲ್ಲಿ ಅತ್ತೆ ಬೆಂಚಿನ ಮೇಲೆ ಕೂತು, "ಈಗ ನೀನೇ ಎಣ್ಸು" ಅಂದರು. ಬೇಡ ಅತ್ತೆ, ನೀವೇ ಎಣಿಸಿ ಎಂದೆ. ಕೇಳಲಿಲ್ಲ. ನಾಳೆ ನಾನಿರ್ತೀನಾ, ಕಲಿ ಅಂದರು.

ಮಗಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದೆ. ಕೈ ಎದೆಗೆ ಹೋಗಲಿಲ್ಲ. ದೃಷ್ಟಿಯಾದರೆ ಆಗಲಿ ಎಂದು ಅವಳ ತಲೆಯ ಮೇಲೇ ಇಟ್ಟೆ. ಅತ್ತೆ ನೋಡಿದರು, ಬೇಡ ಅನ್ನಲಿಲ್ಲ. "ಲಾಭ" ಅಂದೆ. ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತೆ. ರೈಲು ಬರುವ ಸದ್ದು ಕೇಳಿಸುತ್ತಿತ್ತು. ಮಕ್ಕಳು ಕಾದವು. "ಎರಡು ಅನ್ನಿ ದೊಡ್ಡಮ್ಮ" ಎಂದ ಅವಳಿಗಳಲ್ಲಿ ಒಬ್ಬ. ಎರಡು, ಮೂರು, ನಾಲ್ಕು. ಒಂಬತ್ತು ಬಂತು. ಸಂಜೆ ಓರಗಿತ್ತಿಯರು ಸೀರೆ ಗಂಟು ಬಿಚ್ಚಿ, "ಹೆಂಗಿತ್ತಕ್ಕ ಮ್ಯೂಸಿಯಂ?" ಎಂದಾಗ, ಚೆನ್ನಾಗಿತ್ತು, ಎಲ್ಲರೂ ಬಂದಿದ್ದಾರೆ ನೋಡಿಕೊಳ್ಳಿ ಎಂದೆ.

ಈಗ ಮನೆಯಲ್ಲಿ ಎಣಿಸುವುದು ನಾನು. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಾರೆ. ದೇವಸ್ಥಾನಕ್ಕೆ, ಮದುವೆಗೆ, ಎಲ್ಲಿಗೆ ಹೊರಟರೂ ಮಗಳು ತಾನಾಗಿಯೇ ಬಂದು ಮುಂದೆ ನಿಲ್ಲುತ್ತಾಳೆ. ಹತ್ತು ವರ್ಷವಾಯಿತು ಅವಳಿಗೆ, ನನ್ನ ಭುಜದ ತನಕ ಬಂದಿದ್ದಾಳೆ. ಆ ದಿನದ ಮಾತನ್ನು ಮತ್ತೆ ಅವಳು ಎತ್ತಿಲ್ಲ, ನನಗೂ ಎತ್ತುವ ಧೈರ್ಯ ಬಂದಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಲಾಭ ಅನ್ನುತ್ತೇನೆ, ಸುಮ್ಮನೆ ನಿಂತಿರುತ್ತಾಳೆ. ನಾನು ಎರಡು, ಮೂರು ಎನ್ನುತ್ತಾ ಮುಂದೆ ಹೋದ ಹಾಗೆ ಅವಳು ಹಿಂದಕ್ಕೆ ತಿರುಗಿ, ದನಿ ಹೊರಡಿಸದೆ, ತನ್ನ ಎದೆಗೆ ಬೆರಳಿಟ್ಟುಕೊಂಡು ತಾನೂ ಒಂದು ಸಲ ಎಣಿಸಿ ನೋಡಿಕೊಳ್ಳುತ್ತಾಳೆ.